ಒಂದೇ ತಾರೀಖು, ನಾಲ್ಕು ಬೋರ್ಡು!

ನವೆಂಬರ್ ಒಂದು ಬಂತೆಂದರೆ ಊರಿಗೆ ಊರೇ ಹಳದಿ-ಕೆಂಪು. ಆಟೋ ಸ್ಟ್ಯಾಂಡಿನಲ್ಲಿ ಭುವನೇಶ್ವರಿಯ ಫೋಟೋ, ಓಣಿ ಓಣಿಯಲ್ಲಿ ಧ್ವನಿವರ್ಧಕ, ಸಂಜೆಗೆ ಆರ್ಕೆಸ್ಟ್ರಾ. ಸಾಲಿ ಹುಡುಗರ ಮೆರವಣಿಗೆ ಮುಗಿದು ಕೈಗೊಂದು ಪೇಢೆ ಬಿದ್ದರೆ ರಾಜ್ಯೋತ್ಸವ ಮುಗೀತು. ಮರುದಿನ ಬಾವುಟ ಮಡಚಿ ಅಟ್ಟಕ್ಕೆ!

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಯಾರನ್ನಾದರೂ ನಿಲ್ಲಿಸಿ "ಈ ದಿನದ ವಿಶೇಷ ಏನ್ರಿ?" ಎಂದು ಕೇಳಿ. "1956ರಾಗ ರಾಜ್ಯ ಒಂದಾತಲ್ರಿ" ಎನ್ನುತ್ತಾರೆ. ಉತ್ತರ ಸರಿ, ಆದರೆ ಪೂರ್ತಿ ಅಲ್ಲ. ಈ ಒಂದೇ ತಾರೀಖಿನ ಹೊಟ್ಟೆಯಲ್ಲಿ ನಾಲ್ಕು ಘಟನೆಗಳಿವೆ. 1956ರಲ್ಲಿ ರಾಜ್ಯ ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕ ಎಂಬ ಹೆಸರು ಬಂತು. 1997ರಲ್ಲಿ ನಮ್ಮ ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ಬಸ್ ಸಂಸ್ಥೆ ಹುಟ್ಟಿತು. 2014ರಲ್ಲಿ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಹಾಗೆ ಆದವು.

ಪಂಚಾಂಗ ನೋಡುವವರಿಗೆ ಒಂದು ಮೋಜು ಹೇಳುತ್ತೇನೆ. 1956ರ ನವೆಂಬರ್ 1 ಗುರುವಾರ. 1973ರ ನವೆಂಬರ್ 1 ಕೂಡ ಗುರುವಾರ. ನಡುವೆ 17 ವರ್ಷ. 1997ರಲ್ಲಿ ಶನಿವಾರ, 2014ರಲ್ಲೂ ಶನಿವಾರ. ನಡುವೆ ಮತ್ತೆ 17 ವರ್ಷ!

ಮೋಜು ಅತ್ತ ಇರಲಿ. ನಾಲ್ಕೂ ಸಲ ಆದದ್ದು ಒಂದೇ ಕೆಲಸ: ಬೋರ್ಡು ಬದಲಾಯಿತು. ರಾಜ್ಯದ ಬೋರ್ಡು, ಕಚೇರಿಯ ಬೋರ್ಡು, ಬಸ್ಸಿನ ಬೋರ್ಡು, ಸ್ಟೇಷನ್ನಿನ ಬೋರ್ಡು. ಈ ಬೋರ್ಡುಗಳ ಹಿಂದೆ ನಮ್ಮ ಜಿಲ್ಲೆಯ ಪಾತ್ರ ಎಷ್ಟು ದೊಡ್ಡದು ಎಂಬುದು ನಮ್ಮವರಿಗೇ ಮರೆತುಹೋಗಿದೆ.

ಒಂದೇ ರೈಲು, ಮೂರು ಸರಕಾರ

ಇಂದು ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕಿಟಕಿ ಪಕ್ಕ ಕೂತು ಗಿರಮಿಟ್ಟು ತಿನ್ನುತ್ತಾ ಹೊಸಪೇಟೆಗೆ ಹೋಗಿಬಿಡುತ್ತೀರಿ. ಸ್ವಾತಂತ್ರ್ಯಕ್ಕೆ ಮುಂಚೆ ಇದೇ ದಾರಿಯಲ್ಲಿ ಮೂರು ಸರಕಾರ ದಾಟಬೇಕಿತ್ತು. ಗದಗಿನವರೆಗೆ ಮುಂಬಯಿ ಪ್ರಾಂತ್ಯ. ಮುಂದೆ ಕೊಪ್ಪಳ ಬಂದರೆ ನಿಜಾಮರ ಹೈದರಾಬಾದು. ತುಂಗಭದ್ರೆ ದಾಟಿ ಹೊಸಪೇಟೆಗೆ ಇಳಿದರೆ ಮದರಾಸು ಪ್ರಾಂತ್ಯ. ಮೂರೂ ಕಡೆ ಜನ ಆಡುವುದು ಕನ್ನಡ. ಆಳುವವರು ಮಾತ್ರ ಬೇರೆ ಬೇರೆ.

ದಕ್ಷಿಣಕ್ಕೆ ಹೊರಟರೆ ರಾಣೇಬೆನ್ನೂರಿನವರೆಗೆ ನಮ್ಮ ಸೀಮೆ. ಹೊಳೆ ದಾಟಿ ಹರಿಹರಕ್ಕೆ ಬಂದರೆ ಮೈಸೂರು ಮಹಾರಾಜರ ರಾಜ್ಯ. ಎಲೆ ತರಲು ಸವಣೂರಿಗೆ ಹೋದರೆ ಅದು ನವಾಬರ ಸಂಸ್ಥಾನ. ರಾಮದುರ್ಗ, ಜಮಖಂಡಿ, ಮುಧೋಳಗಳಿಗೆ ಒಬ್ಬೊಬ್ಬ ರಾಜ. ಕೊಡಗು ಮತ್ತೊಂದು ಪ್ರತ್ಯೇಕ ಪ್ರಾಂತ್ಯ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕನ್ನಡದ ನೆಲವನ್ನು ಗೆದ್ದವರು ಪಾಲು ಹಂಚಿಕೊಂಡರು. 1818ರಲ್ಲಿ ಪೇಶ್ವೆಗಳು ಸೋತ ಮೇಲೆ ನಮ್ಮ ಭಾಗವೂ ಇಂಗ್ಲಿಷರ ಕೈಗೆ ಹೋಯಿತು. ಅಣ್ಣ-ತಮ್ಮಂದಿರು ಐದು ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ ನಮ್ಮ ಬಾಳು. ಆ ಐದೂ ಮನೆ ನಮ್ಮವಲ್ಲ!

ವ್ಯಾಪಾರಸ್ಥರ ಪಾಡು ಕೇಳಬೇಡಿ. ಸೇರು, ಮಣದ ತೂಕ ಸೀಮೆಗೊಂದು. ನಿಜಾಮರ ನಾಣ್ಯವೇ ಬೇರೆ. ಹೈದರಾಬಾದಿನ ಕಚೇರಿಯಲ್ಲಿ ಉರ್ದು, ನಮ್ಮ ಕಡೆಯ ಹಳೆಯ ದಫ್ತರಗಳಲ್ಲಿ ಮೋಡಿ ಅಕ್ಷರದ ಮರಾಠಿ. ಹೈಕೋರ್ಟಿನ ಕೇಸಿಗೆ ಧಾರವಾಡದವರು ಮುಂಬಯಿಗೆ ಓಡಬೇಕು. ಕನ್ನಡದಲ್ಲಿ ಒಂದು ಅರ್ಜಿ ಕೊಟ್ಟು ಕನ್ನಡದಲ್ಲೇ ಉತ್ತರ ಪಡೆಯುವುದು ಅಂದಿನವರ ಕನಸಾಗಿತ್ತು.

83 ವರ್ಷ ಮುಂಚಿನ ಬೋರ್ಡು

ಈಗ ನಮ್ಮ ಜಿಲ್ಲೆಯ ಹೆಮ್ಮೆಗೆ ಬರೋಣ. "ಕರ್ನಾಟಕ" ಎಂಬ ಹೆಸರು ಬೆಂಗಳೂರಿನ ಸರಕಾರಿ ಬೋರ್ಡಿಗೆ ಬಂದದ್ದು 1973ರಲ್ಲಿ. ಧಾರವಾಡದಲ್ಲಿ ಆ ಹೆಸರಿನ ಬೋರ್ಡು ಏರಿದ್ದು 1890ರಲ್ಲಿ! ಆ ವರ್ಷದ ಜುಲೈ 20ರಂದು ರಾ. ಹ. ದೇಶಪಾಂಡೆಯವರು ಮತ್ತು ಅವರ ಸಂಗಡಿಗರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಕರ್ನಾಟಕ ಎಂಬ ರಾಜ್ಯವೇ ಇಲ್ಲದ ಕಾಲದಲ್ಲಿ ಇವರು ಆ ಹೆಸರಿನಲ್ಲಿ ಸಂಘ ಮಾಡಿ ಕೂತರು. ನಡುವೆ ಬರೋಬ್ಬರಿ 83 ವರ್ಷ.

ಅಷ್ಟಕ್ಕೇ ನಿಲ್ಲಲಿಲ್ಲ. 1917ರಲ್ಲಿ ಧಾರವಾಡದ ಕಾಲೇಜು ಕರ್ನಾಟಕ ಕಾಲೇಜಾಯಿತು. ಅದೇ ವರ್ಷ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಪುಸ್ತಕ ಬಂತು. ನಾವು ಐದು ಕಡೆ ಹರಿದು ಹಂಚಿಹೋದ ಜನ ಅಲ್ಲ, ಒಂದು ಕಾಲಕ್ಕೆ ದೊಡ್ಡ ರಾಜ್ಯ ಕಟ್ಟಿದವರು ಎಂದು ಅವರು ನೆನಪು ಮಾಡಿಕೊಟ್ಟರು. ಜನ ಅವರನ್ನು ಕನ್ನಡದ ಕುಲಪುರೋಹಿತ ಎಂದು ಕರೆದರು.

1920ರಲ್ಲಿ ಧಾರವಾಡದಲ್ಲಿ ಕರ್ನಾಟಕದ ರಾಜಕೀಯ ಸಮ್ಮೇಳನ ನಡೆಯಿತು. ಅಧ್ಯಕ್ಷತೆ ವಹಿಸಿದವರು ವಿ. ಪಿ. ಮಾಧವರಾಯರು. ಯಾರು ಇವರು? ಮೈಸೂರಿನ ಮಾಜಿ ದಿವಾನರು! ಮೈಸೂರಿನವರು ಬಂದು ಧಾರವಾಡದ ವೇದಿಕೆಯಲ್ಲಿ ಕೂತು ಕನ್ನಡಿಗರೆಲ್ಲ ಒಂದಾಗಬೇಕೆಂಬ ಮಾತಿಗೆ ಬಲ ಕೊಟ್ಟರು. ಅದೇ ವರ್ಷ ನಾಗಪುರದ ಕಾಂಗ್ರೆಸ್ ಅಧಿವೇಶನ ಭಾಷೆಯ ಪ್ರಕಾರ ಪ್ರಾಂತ ಸಮಿತಿ ಮಾಡಲು ಒಪ್ಪಿತು. ಹೀಗಾಗಿ ಕಾಂಗ್ರೆಸ್ಸಿನೊಳಗೆ ಕರ್ನಾಟಕಕ್ಕೆ ತನ್ನದೇ ಸಮಿತಿ ಸಿಕ್ಕಿತು.

ಮುಂದೆ ಹುಬ್ಬಳ್ಳಿಯಿಂದ ಹೊರಡುತ್ತಿದ್ದ ಪತ್ರಿಕೆಯ ಹೆಸರೇ 'ಸಂಯುಕ್ತ ಕರ್ನಾಟಕ'. ಸಂಯುಕ್ತ ಅಂದರೆ ಕೂಡಿದ್ದು. ಇನ್ನೂ ಕೂಡಿರದ ನಾಡಿಗೆ ಕೂಡಿದ ಹೆಸರಿಟ್ಟು ಓದುಗರ ಕೈಗೆ ಕೊಡುತ್ತಿದ್ದರು. 1949ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೂ ಕರ್ನಾಟಕದ್ದೇ ಹೆಸರು. ಸರಕಾರದವರು ನಕ್ಷೆಯಲ್ಲಿ ಬರೆಯುವುದಕ್ಕೆ ಎಷ್ಟೋ ಮುಂಚೆ ನಮ್ಮವರು ಬಾಗಿಲ ಮೇಲೆ ಬರೆದಾಗಿತ್ತು.

ಹುಬ್ಬಳ್ಳಿ ಕುದಿದ ವರ್ಷ

1947ರಲ್ಲಿ ಸ್ವಾತಂತ್ರ್ಯ ಬಂತು. ಭಾಷೆಯ ರಾಜ್ಯ ಮಾತ್ರ ಬರಲಿಲ್ಲ. ದಿಲ್ಲಿಯವರಿಗೆ ಆಗಷ್ಟೇ ದೇಶ ಒಡೆದ ಭಯ. "ಸ್ವಲ್ಪ ತಡೀರಿ" ಎನ್ನುತ್ತಾ ಕಾಲ ತಳ್ಳಿದರು. ತಡೆದು ತಡೆದು 1953 ಬಂತು.

ಆ ವರ್ಷ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಮುಂಬಯಿ ಶಾಸನಸಭೆಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಉಪವಾಸ ಕೂತರು. ಹುಬ್ಬಳ್ಳಿ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಮೂರು ವಾರ ಮೀರಿ ಉಪವಾಸ ಮಾಡಿದರು. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಪ್ರಾಂತ ಕಾಂಗ್ರೆಸ್ ಸಮಿತಿಯ ಸಭೆ ಸೇರಿದಾಗ ಸಾವಿರಾರು ಜನ ಬೀದಿಗಿಳಿದರು. ಗಲಭೆಯಾಯಿತು, ಅನೇಕರು ಜೈಲು ಸೇರಿದರು. ಅದೇ ಕಾವಿನಲ್ಲಿ ನಡೆದ ಚುನಾವಣೆಯಲ್ಲಿ ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತಿನವರು ಕಾಂಗ್ರೆಸ್ಸಿಗೆ ಮಣ್ಣು ಮುಕ್ಕಿಸಿದರು. ದಿಲ್ಲಿಗೆ ಬಿಸಿ ತಟ್ಟಿತು.

ಅತ್ತ ಬಳ್ಳಾರಿಯಲ್ಲಿ ಮತ್ತೊಂದು ಕಥೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಎರಡು ಹೋಳಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಉಳಿದವು ಮೈಸೂರಿಗೆ ಬಂದವು. ಆ ಸಂಭ್ರಮಕ್ಕೆ ಹಾಕಿದ್ದ ಚಪ್ಪರ ಕಾಯಲು ನಿಂತಿದ್ದ ಪಿಂಜಾರ ರಂಜಾನ್ ಸಾಬ್ ಆ್ಯಸಿಡ್ ಬಲ್ಬಿನ ದಾಳಿಗೆ ಬಲಿಯಾದರು. ಸಭೆಯ ಗಣ್ಯರ ಸಾಲಿನಲ್ಲಿ ಕೂರಬೇಕಾದವರಲ್ಲ ಅವರು, ಚಪ್ಪರ ಕಾಯುವ ಸಾಮಾನ್ಯ ಮನುಷ್ಯ. ಏಕೀಕರಣದ ಹುತಾತ್ಮ ಎಂದರೆ ಇಂದಿಗೂ ಮೊದಲು ಬರುವ ಹೆಸರು ಅವರದೇ. ರಾಜ್ಯೋತ್ಸವದ ಭಾಷಣದಲ್ಲಿ ಎಷ್ಟು ಮಂದಿ ಆ ಹೆಸರು ಹೇಳುತ್ತಾರೆ, ಈ ಸಲ ಲೆಕ್ಕ ಇಡಿ.

ಮೊದಲ ಗುರುವಾರ

1953ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಫಜಲ್ ಅಲಿ ಆಯೋಗ ನೇಮಿಸಿತು. 1955ರ ಸೆಪ್ಟೆಂಬರ್‌ನಲ್ಲಿ ವರದಿ ಬಂತು. ಕನ್ನಡಿಗರಿಗೆ ಒಂದು ರಾಜ್ಯ ಬೇಕು ಎಂದು ಆಯೋಗ ಒಪ್ಪಿತು. ಬಳ್ಳಾರಿಯನ್ನು ಆಂಧ್ರಕ್ಕೆ ಕೊಡಿ ಎಂದೂ ಬರೆದಿತ್ತು. ಆದರೆ ಕಾನೂನು ಆಗುವಾಗ ಆ ಮಾತು ಬಿದ್ದುಹೋಗಿ ಬಳ್ಳಾರಿ ನಮ್ಮಲ್ಲೇ ಉಳಿಯಿತು.

ಎಲ್ಲರೂ ಕುಣಿದರೇ? ಇಲ್ಲ. ಹಳೇ ಮೈಸೂರಿನ ಕಡೆ ಅನೇಕರಿಗೆ ಅಳುಕಿತ್ತು. ನಮ್ಮದು ಕಟ್ಟಿ ಬೆಳೆಸಿದ ರಾಜ್ಯ, ಕರೆಂಟು-ಕಾರ್ಖಾನೆ ಇದೆ, ಬಡ ಜಿಲ್ಲೆಗಳನ್ನು ಕಟ್ಟಿಕೊಂಡರೆ ನಮ್ಮ ಗಂಟು ಕರಗುತ್ತದೆ ಎಂಬ ಲೆಕ್ಕಾಚಾರ. ಎರಡು ಕನ್ನಡ ರಾಜ್ಯ ಇರಲಿ ಎಂದವರೂ ಇದ್ದರು. ಇದರ ನಡುವೆ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರ ನಿಂತರು. ಆದರೆ ಹೊಸ ರಾಜ್ಯದ ಗದ್ದುಗೆ ಅವರಿಗೆ ಸಿಗಲಿಲ್ಲ. 1956ರ ಆಗಸ್ಟ್‌ನಲ್ಲೇ ಅಧಿಕಾರ ಬಿಡಬೇಕಾಯಿತು. ಅಕ್ಟೋಬರ್ 31ರವರೆಗೆ ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿ.

1956ರ ನವೆಂಬರ್ 1, ಗುರುವಾರ. ದೀಪಾವಳಿಯ ಹೊಸ್ತಿಲು. ಬೆಂಗಳೂರಿನಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಹೊಸ ರಾಜ್ಯವನ್ನು ಉದ್ಘಾಟಿಸಿದರು. ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ. ಹಿಂದಿನ ದಿನದವರೆಗೆ ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರು ಹೊಸ ರಾಜ್ಯದ ರಾಜ್ಯಪಾಲರು. ಮಹಾರಾಜರೇ ಸಂಬಳದ ರಾಜ್ಯಪಾಲರಾದದ್ದು ಕಾಲ ಬದಲಾದದ್ದಕ್ಕೆ ಸಾಕ್ಷಿ.

ಅಂಗಡಿ ಲೆಕ್ಕದ ಹಾಗೆ ಕೂಡಿ ನೋಡಿ. ಹಳೇ ಮೈಸೂರಿನ 9 ಜಿಲ್ಲೆ. 1953ರಲ್ಲಿ ಬಂದ ಬಳ್ಳಾರಿ 1. ಮುಂಬಯಿಯಿಂದ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಎಂದು 4. ಹೈದರಾಬಾದಿನಿಂದ ಗುಲ್ಬರ್ಗಾ, ರಾಯಚೂರು, ಬೀದರ ಎಂದು 3. ಮದರಾಸಿನಿಂದ ದಕ್ಷಿಣ ಕನ್ನಡ 1, ಜೊತೆಗೆ ಕೊಸರಿಗೆ ಎಂಬಂತೆ ಕೊಳ್ಳೇಗಾಲ ತಾಲ್ಲೂಕು. ಕೊಡಗು 1. ಒಟ್ಟು 19 ಜಿಲ್ಲೆ. ಆ 19 ಒಡೆದು ಬೆಳೆದು ಇಂದು 31 ಆಗಿವೆ. ನಮ್ಮ ಧಾರವಾಡ ಜಿಲ್ಲೆಯಿಂದಲೇ 1997ರಲ್ಲಿ ಗದಗ, ಹಾವೇರಿ ಬೇರೆ ಮನೆ ಮಾಡಿದವು.

ಬಂದ ಲೆಕ್ಕದ ಪಕ್ಕದಲ್ಲಿ ಹೋದ ಲೆಕ್ಕವೂ ಇದೆ. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಅಕ್ಕಲಕೋಟೆ, ಸೊಲ್ಲಾಪುರ ಮುಂಬಯಿಯಲ್ಲೇ ಉಳಿದವು. ಬೆಳಗಾವಿ ಜಿಲ್ಲೆಯ ಚಂದಗಡ ತಾಲ್ಲೂಕು ಅತ್ತ ಹೋಯಿತು. ದಕ್ಷಿಣ ಕನ್ನಡಕ್ಕೆ ಸೇರಿದ್ದ ಅಮೀನ್‌ದೀವಿ ದ್ವೀಪಗಳು ಕೇಂದ್ರ ಸರಕಾರದ ಪಾಲಾದವು. ಹಬ್ಬದ ದಿನವೇ ಕೆಲವರ ಮನೆಯಲ್ಲಿ ದೀಪ ಆರಿತು.

ಎರಡನೇ ಗುರುವಾರ

ರಾಜ್ಯ ಬಂತು, ಹೆಸರು ಬರಲಿಲ್ಲ. ಫಜಲ್ ಅಲಿ ವರದಿಯಲ್ಲೇ ಈ ರಾಜ್ಯವನ್ನು ಕರ್ನಾಟಕ ಎಂದು ಕರೆದಿದ್ದರು. ಕಾನೂನು ಮಾಡುವಾಗ ಮೈಸೂರು ಎಂದೇ ಇಟ್ಟರು. ಮೈಸೂರು ಎಂಬ ಹೆಸರಿಗೆ ದೇಶದಲ್ಲೆಲ್ಲ ಮಾನ ಇದೆ, ಯಾಕೆ ಬಿಡಬೇಕು ಎಂಬುದು ಆ ಕಡೆಯವರ ವಾದ. ವಾದದಲ್ಲಿ ಹುರುಳಿತ್ತು. ಆದರೆ ನಮ್ಮ ಕಡೆಯವರಿಗೆ ಹೇಗಾಗಿರಬೇಡ! ಕರ್ನಾಟಕದ ಹೆಸರು ಹಿಡಿದು ಜೈಲಿಗೆ ಹೋದವರು ಕಾಗದದ ಮೇಲೆ "ಧಾರವಾಡ ಜಿಲ್ಲೆ, ಮೈಸೂರು ರಾಜ್ಯ" ಎಂದು ವಿಳಾಸ ಬರೆಯಬೇಕು. ಮಗುವನ್ನು ಹೆತ್ತವರು ಒಬ್ಬರು, ತೊಟ್ಟಿಲಲ್ಲಿ ಹೆಸರಿಟ್ಟವರು ಮತ್ತೊಬ್ಬರು.

ಆಲೂರು ವೆಂಕಟರಾಯರು 1964ರ ಫೆಬ್ರವರಿಯಲ್ಲಿ ತೀರಿಕೊಂಡರು. ಒಂದಾದ ನಾಡನ್ನು ಕಣ್ಣಾರೆ ಕಂಡರು. ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದನ್ನು ಕಾಣಲಿಲ್ಲ. ಬಾಳೆಲ್ಲ ಜಪಿಸಿದ ಹೆಸರು ಅವರು ಹೋದ ಒಂಬತ್ತು ವರ್ಷದ ಮೇಲೆ ಬಂತು.

ಅತ್ತ ಮದರಾಸಿನವರು 1969ರಲ್ಲೇ ತಮಿಳುನಾಡು ಆಗಿಬಿಟ್ಟರು. ನಾವು ಇನ್ನೂ ಚರ್ಚೆಯಲ್ಲಿದ್ದೆವು. ಕಡೆಗೆ 1972ರಲ್ಲಿ ಶಾಸನಸಭೆ ನಿರ್ಣಯ ಮಾಡಿತು, 1973ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. 1973ರ ನವೆಂಬರ್ 1, ಮತ್ತೆ ಗುರುವಾರ, ಮೈಸೂರು ರಾಜ್ಯ ಕರ್ನಾಟಕವಾಯಿತು. ಆಗ ಮುಖ್ಯಮಂತ್ರಿ ಡಿ. ದೇವರಾಜ ಅರಸು. ಎಲ್ಲಿಯವರು? ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಮೈಸೂರಿನ ಹೆಸರು ಇಳಿಸಿ ಕರ್ನಾಟಕದ ಹೆಸರು ಏರಿಸುವ ಕೆಲಸ ಮೈಸೂರು ಸೀಮೆಯವರ ಕೈಯಿಂದಲೇ ಆಯಿತು. ಇದರಿಂದಲೇ ಜಗಳಕ್ಕೆ ತೆರೆ ಬಿತ್ತು ಎನ್ನಬಹುದು.

ಇನ್ನೊಂದು ಸ್ವಾರಸ್ಯ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರೆಯಾದ ಅಮೀನ್‌ದೀವಿ ದ್ವೀಪಗಳ ಮಾತು ಬಂತಲ್ಲ? ಅವೂ ಸೇರಿದ ಕೇಂದ್ರಾಡಳಿತ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂದದ್ದೂ 1973ರ ನವೆಂಬರ್ 1ರಂದೇ! ಬೇರೆಯಾದದ್ದೂ ಒಂದೇ ತಾರೀಖು, ಹೆಸರು ಬಂದದ್ದೂ ಅದೇ ತಾರೀಖು.

ಹೆಸರು ಬದಲಾದರೆ ಮೈಸೂರು ಮುಳುಗಿತೇ? ಮೈಸೂರು ಪಾಕು ಮೈಸೂರು ಪಾಕಾಗಿಯೇ ಇದೆ. ಮೈಸೂರು ಸ್ಯಾಂಡಲ್ ಸಾಬೂನು, ಮೈಸೂರು ರೇಷ್ಮೆ, ಮೈಸೂರು ಮಲ್ಲಿಗೆ ಎಲ್ಲ ಹಾಗೇ ಇವೆ. ಧಾರವಾಡ ಪೇಢೆಗೂ ಏನೂ ಆಗಲಿಲ್ಲ. ಜನರ ನಾಲಿಗೆಗೆ ಹತ್ತಿದ ಹೆಸರನ್ನು ಯಾವ ಕಾಯಿದೆಯೂ ಅಳಿಸಲಾರದು.

ಕೆಂಪು ಬಸ್ಸಿನ ನಾಲ್ಕು ಜನ್ಮ

ಇನ್ನು ದಿನಾ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಅವರದೇ ಕಥೆ. ಮೈಸೂರಿನಲ್ಲಿ ಸರಕಾರಿ ಬಸ್ಸು ಶುರುವಾದದ್ದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳಿಂದ. ಆಗ ಅದು ಸರಕಾರದ ಒಂದು ಇಲಾಖೆ. ಹುಬ್ಬಳ್ಳಿ-ಬೆಳಗಾವಿ ಕಡೆ ಓಡುತ್ತಿದ್ದುದು ಮುಂಬಯಿ ರಾಜ್ಯದ ಬಸ್ಸು. 1956ರಲ್ಲಿ ರಾಜ್ಯ ಕೂಡಿದಾಗ ಜಿಲ್ಲೆಗಳ ಜೊತೆ ಡಿಪೋಗಳೂ ಕೂಡಿದವು. ನಕ್ಷೆಯ ಮೇಲೆ ಗೆರೆ ಅಳಿಸಿದಷ್ಟು ಸುಲಭವೇ ಇದು? ಬಸ್ಸು, ಡ್ರೈವರು, ಕಂಡಕ್ಟರು, ಟಿಕೆಟ್ ದರ, ಸಂಬಳದ ಪಟ್ಟಿ ಎಲ್ಲ ಒಂದೇ ಲೆಕ್ಕಕ್ಕೆ ಬರಬೇಕು. 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಆಯಿತು. 1973ರಲ್ಲಿ ರಾಜ್ಯದ ಹೆಸರಿನ ಜೊತೆಗೇ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ.

1997ರ ನವೆಂಬರ್ 1, ಶನಿವಾರ, ಅದು ಒಡೆದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು. ಕೇಂದ್ರ ಕಚೇರಿ ಹುಬ್ಬಳ್ಳಿಯ ಗೋಕುಲ ರಸ್ತೆ. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ಉತ್ತರ ಕನ್ನಡ ಇದರ ವ್ಯಾಪ್ತಿ. ಕೂಡಿದ ಹಬ್ಬದ ದಿನವೇ ಬಸ್ಸನ್ನು ಬೇರೆ ಮಾಡಿದರಲ್ಲ ಎಂದು ಮೂಗು ಮುರಿಯುವವರು ಮುರಿಯಲಿ. ಒಂದು ಬಸ್ಸು ಬಿಡಿಸಲು, ಒಂದು ಬಡ್ತಿ ಕೇಳಲು ಬೆಂಗಳೂರಿಗೆ ನಾನೂರು ಕಿಲೋಮೀಟರು ಓಡುವುದಕ್ಕಿಂತ ಗೋಕುಲ ರಸ್ತೆಗೆ ಹೋಗುವುದು ಹತ್ತಿರ. ಕೂಡುವುದು ಎಂದರೆ ಎಲ್ಲವನ್ನೂ ಒಂದೇ ಊರಿಗೆ ಹೊತ್ತು ಹಾಕುವುದಲ್ಲ.

ಆದರೆ ನೋಡಿ, ಹೆಸರಿನ ಗತಿ! ಬಸ್ಸಿನ ಮೈಮೇಲೆ ವಾ.ಕ.ರ.ಸಾ. ಎಂದು ಬರೆದಿದೆ. ಹಳ್ಳಿಯ ಅಜ್ಜಿಗೆ ಅದು "ಕೆಂಪ ಬಸ್ಸು". "ಕೆಂಪ ಬಸ್ ಬಂತೇನೋ ತಮ್ಮಾ?" ಎಂದೇ ಕೇಳುತ್ತಾಳೆ. ಬೋರ್ಡಿಗೆ ಬಂದದ್ದೆಲ್ಲ ಬಾಯಿಗೆ ಬರಬೇಕೆಂಬ ನಿಯಮ ಇಲ್ಲ.

ಬಣ್ಣ ಬಳಿಯದೇ ಬದಲಾದ ಊರುಗಳು

2014ರ ನವೆಂಬರ್ 1ರಂದು ಬದಲಾದ 12 ಹೆಸರುಗಳದ್ದು ಇದಕ್ಕೆ ತಿರುಗುಮುರುಗಾದ ಕಥೆ. ಬೆಂಗಳೂರು, ಮೈಸೂರು, ಮಂಗಳೂರು, ಬೆಳಗಾವಿ, ಹುಬ್ಬಳ್ಳಿ, ಬಳ್ಳಾರಿ, ಹೊಸಪೇಟೆ, ಶಿವಮೊಗ್ಗ, ತುಮಕೂರು, ಚಿಕ್ಕಮಗಳೂರು, ಕಲಬುರಗಿ, ವಿಜಯಪುರ. ಪಟ್ಟಿ ಮತ್ತೊಮ್ಮೆ ಓದಿ. ಮೊದಲ ಹತ್ತು ಹೆಸರು ಕನ್ನಡದಲ್ಲಿ ಎಂದೂ ಹೀಗೇ ಇದ್ದವು! ಕನ್ನಡದ ಬೋರ್ಡಿಗೆ ಒಂದು ಹನಿ ಬಣ್ಣವೂ ಬೇಕಾಗಲಿಲ್ಲ. ಬದಲಾದದ್ದು ಇಂಗ್ಲಿಷ್ ಕಾಗುಣಿತ ಮಾತ್ರ. ದೊರೆಗಳ ನಾಲಿಗೆಗೆ ಹೊರಳದೆ "ಹುಬ್ಲಿ", "ಬೆಲ್ಗಾಂ" ಆದದ್ದು ಅವರು ಹೋಗಿ 67 ವರ್ಷದ ಮೇಲೆ ಸರಿಯಾಯಿತು.

ಈ ಸಲಹೆ ಕೊಟ್ಟವರು ಸಾಹಿತಿ ಯು. ಆರ್. ಅನಂತಮೂರ್ತಿ. ರಾಜ್ಯಕ್ಕೆ ಐವತ್ತು ತುಂಬುವ ಹೊತ್ತಿಗೆ ಶುರುವಾದ ಮಾತು ದಿಲ್ಲಿಯ ಫೈಲಿನಲ್ಲಿ ವರ್ಷಗಟ್ಟಲೆ ಮಲಗಿತ್ತು. 2014ರ ಆಗಸ್ಟ್‌ನಲ್ಲಿ ಅನಂತಮೂರ್ತಿ ತೀರಿಕೊಂಡರು. ಎರಡೇ ತಿಂಗಳ ಮೇಲೆ ಆದೇಶ ಬಂತು. ಆಲೂರರಿಗೆ ಆದದ್ದೇ ಇವರಿಗೂ ಆಯಿತು. ಹೆಸರು ಕೇಳಿದವರು ಒಬ್ಬರು, ಅದನ್ನು ಕಂಡವರು ಮತ್ತೊಬ್ಬರು.

ಕನ್ನಡದಲ್ಲೂ ಬದಲಾದದ್ದು ಎರಡು: ಗುಲ್ಬರ್ಗಾ ಹೋಗಿ ಕಲಬುರಗಿ, ಬಿಜಾಪುರ ಹೋಗಿ ವಿಜಯಪುರ. ಇದು ಎಷ್ಟು ನಾಟಿದೆ? ಬಸ್ ಸ್ಟ್ಯಾಂಡಿಗೆ ಹೋಗಿ ಕಿವಿಗೊಡಿ. ಬೋರ್ಡು ವಿಜಯಪುರ. ಕೂಗು ಮಾತ್ರ "ಬಿಜಾಪುರ, ಬಿಜಾಪುರ!"

ಬಾಕಿ ಉಳಿದ ಖಾತೆ

ಲೆಕ್ಕ ಎಂದ ಮೇಲೆ ಬಾಕಿಯನ್ನೂ ಹೇಳಬೇಕು. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈ ತಮ್ಮ ಊರು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದರು. ನೂರು ವರ್ಷ ತುಂಬಿ 2015ರಲ್ಲಿ ಕಣ್ಣು ಮುಚ್ಚಿದರು. ಕಾಸರಗೋಡು ಅಲ್ಲೇ ಇದೆ.

1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ನಗರ ನಮ್ಮಲ್ಲೇ ಇರಲಿ ಎಂದಿತು. ಕೆಲವು ಹಳ್ಳಿ ಅತ್ತ, ಕೆಲವು ಇತ್ತ ಎಂದಿತು. ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ನಮಗೆ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, ಕೇರಳ ಒಪ್ಪಲಿಲ್ಲ. ವರದಿ ಕಪಾಟು ಸೇರಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಿತು. ಇತ್ತ ನಾವು ರಾಜ್ಯೋತ್ಸವ ಮಾಡುವ ದಿನವೇ ಬೆಳಗಾವಿಯಲ್ಲಿ ಒಂದು ಗುಂಪಿನವರು ಕರಾಳ ದಿನ ಎನ್ನುತ್ತಾ ಬಂದಿದ್ದಾರೆ. ಗಡಿಯಲ್ಲಿ ಬಿಸಿ ಏರಿದಾಗ ಮೊದಲು ಕಲ್ಲು ಬೀಳುವುದು ಯಾರ ಮೇಲೆ? ಬಸ್ಸಿನ ಗಾಜಿನ ಮೇಲೆ. ಮೊದಲು ಮುಚ್ಚುವುದು ಯಾವುದು? ಅಂಗಡಿಯ ಬಾಗಿಲು. ದಿಲ್ಲಿಯ ಫೈಲಿನ ತಂಟೆಗೆ ಹೊಡೆತ ತಿನ್ನುವವರು ಎರಡೂ ಕಡೆಯ ಬಡ ಜನ.

ಒಳಮನೆಯ ಬಾಕಿಯೂ ಇದೆ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಅವುಗಳಲ್ಲಿ ಹೆಚ್ಚಿನವು ಉತ್ತರದವು. ರಾಜ್ಯ ಕೂಡಿ ಐವತ್ತಕ್ಕೆ ಹತ್ತಿರ ಬಂದರೂ ಊಟದ ಎಲೆ ಸಮನಾಗಿರಲಿಲ್ಲ. ಕೂಗಿ ಕೂಗಿ ಸ್ವಲ್ಪ ಸ್ವಲ್ಪ ಬಂತು. 2008ರಲ್ಲಿ ಧಾರವಾಡಕ್ಕೂ ಗುಲ್ಬರ್ಗಾಕ್ಕೂ ಹೈಕೋರ್ಟಿನ ಪೀಠ ಬಂತು. ಅಜ್ಜ ಮುಂಬಯಿಗೆ ಓಡಿದ, ಅಪ್ಪ ಬೆಂಗಳೂರಿಗೆ ಓಡಿದ, ಮಗ ಈಗ ಧಾರವಾಡದಲ್ಲೇ ವಕೀಲರನ್ನು ಕಾಣುತ್ತಾನೆ. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಎದ್ದಿತು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಅನುಕೂಲ ಸಿಕ್ಕಿತು. ಇವೆಲ್ಲ ಕೇಳಿ ಪಡೆದದ್ದು, ಯಾರೂ ಕರೆದು ಕೊಟ್ಟದ್ದಲ್ಲ.

ಈಗ ನಮ್ಮ ಅಂಗಡಿಯ ಬೋರ್ಡು

ಕೊನೆಗೆ ನಿಮ್ಮ ಅಂಗಡಿಯ ಬಾಗಿಲಿಗೇ ಬರೋಣ. 2024ರಲ್ಲಿ ಸರಕಾರ ಕಾಯಿದೆ ತಿದ್ದಿ ಅಂಗಡಿ-ಮುಂಗಟ್ಟಿನ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಎಂದಿತು. ಪೇಂಟರುಗಳಿಗೆ, ಫ್ಲೆಕ್ಸಿನವರಿಗೆ ಕೆಲಸವೋ ಕೆಲಸ.

"ಶೇಕಡಾ ಅರವತ್ತು ಹ್ಯಾಂಗ ಅಳೀಬೇಕ್ರಿ, ಟೇಪ್ ಹಿಡಿದೇನು?" ಎಂದು ಜವಳಿ ಸಾಲಿನ ವ್ಯಾಪಾರಿಗಳು ನಗುವುದುಂಟು. ಅಳೆಯಿರಿ ಸ್ವಾಮಿ, ತಪ್ಪೇನಿಲ್ಲ. ಕಾಯಿದೆ ಕಾಯಿದೆಯೇ. ಆದರೆ 1890ರ ಧಾರವಾಡದವರು ಟೇಪು ಹಿಡಿದು ಬರೆದದ್ದಲ್ಲ. ಅವರಿಗೆ ಕಾಯಿದೆ ಇರಲಿಲ್ಲ, ರಾಜ್ಯ ಇರಲಿಲ್ಲ, ಸರಕಾರ ಅವರದಾಗಿರಲಿಲ್ಲ. ಬಾಯಲ್ಲಿ ಕನ್ನಡ ಇತ್ತು, ಅದಕ್ಕೇ ಬೋರ್ಡು ಬಂತು. ನವೆಂಬರ್ ಒಂದರ ಕಥೆಯೆಲ್ಲ ಹೇಳುವುದು ಇದನ್ನೇ. ಎತ್ತು ಮುಂದೆ, ಗಾಡಿ ಹಿಂದೆ. ಜನರ ಮಾತು ಎತ್ತು, ಸರಕಾರದ ಬೋರ್ಡು ಗಾಡಿ.

ಈಗ ಭಯ ಇರುವುದು ಇಲ್ಲೇ. ಬೋರ್ಡು ಶೇಕಡಾ 60 ಕನ್ನಡ ಆಗಿ, ಅದರ ಕೆಳಗೆ ಕೂತವರ ಮನೆಯ ಮಕ್ಕಳು ಆ ಬೋರ್ಡನ್ನು ಓದಲಾರದೆ ಹೋದರೆ? ಬಿಲ್ಲು ಇಂಗ್ಲಿಷಿನಲ್ಲಿ, ಬ್ಯಾಂಕಿನ ಚೀಟಿ ಇಂಗ್ಲಿಷಿನಲ್ಲಿ, ಮಗುವಿನ ಪುಸ್ತಕ ಇಂಗ್ಲಿಷಿನಲ್ಲಿ, ಬೋರ್ಡು ಮಾತ್ರ ಕನ್ನಡದಲ್ಲಿ ಎಂದಾದರೆ ಗಾಡಿ ಇದ್ದು ಎತ್ತು ಓಡಿಹೋದ ಹಾಗೆ.

ಬಾವುಟ ಹಾರಿಸಿ, ಪೇಢೆ ಹಂಚಿ, ಬೇಡ ಎನ್ನುವವರಿಲ್ಲ. ಜೊತೆಗೆ ನವೆಂಬರ್ ಎರಡನೇ ತಾರೀಖು ಒಂದು ಕೆಲಸ ಮಾಡಿ. ಗಿರಾಕಿಗೆ ಕೊಡುವ ಚೀಟಿಯನ್ನು ಕನ್ನಡದಲ್ಲಿ ಬರೆಯಿರಿ. ಬ್ಯಾಂಕಿನಲ್ಲಿ ಕನ್ನಡದ ಫಾರಂ ಕೇಳಿ, ಇಲ್ಲ ಎಂದರೆ ಮತ್ತೆ ಕೇಳಿ. ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಪಕ್ಕದಲ್ಲಿ ಕೂತ ಮಗುವಿನ ಕೈಲಿ ದಾರಿಯ ಬೋರ್ಡು ಒಂದೊಂದೇ ಓದಿಸಿ. ದುಡ್ಡು ಖರ್ಚಿಲ್ಲ, ಭಾಷಣ ಬೇಕಿಲ್ಲ. ಟಿಕೆಟ್ಟಿನ ಹಣದಲ್ಲೇ ಆಗುವ ರಾಜ್ಯೋತ್ಸವ!